ದುಡಿಮೆಯೊಳಗಿನ ಆಟ

ಕಳೆದ ತಿಂಗಳು ನಮಗೆ ಬಂದ ಓಲೆಗಳಲ್ಲೊಂದು ನಮ್ಮನ್ನು ಬಹಳವಾಗಿ ಯೋಚನೆಗೀಡುಮಾಡಿತು. ಬರೆದವರು ಇಬ್ಬರು ಮಕ್ಕಳ ತಾಯಿಯಾದ ಒಬ್ಬ ಗೃಹಿಣಿ. ಹೇಳಿಕೊಳ್ಳತಕ್ಕ ಕಷ್ಟವೊಂದೂ ಆಕೆಗಿಲ್ಲ. ಮನೆಯಲ್ಲಿ ಉಣ್ಣಲು ಉಡಲು ಕೊರತೆಯಿಲ್ಲ, ಪತಿಯು ಸಜ್ಜನರು, ಮಕ್ಕಳು ಆರೋಗ್ಯವಂತರು. ಆದರೂ ಬೆಳಗ್ಗೆ ಎದ್ದರೆ ಹಾಲು ಕಾಯಿಸುವುದು, ತಿಂಡಿ, ಮಕ್ಕಳ ಊಟದ ಡಬ್ಬಿ, ಪಾತ್ರೆ, ಬಟ್ಟೆ, ಮತ್ತೆ ಅಡುಗೆ, ಮತ್ತೆ ಪಾತ್ರೆ. ನಿನ್ನೆ ಮಾಡಿದುದೇ ಇಂದು, ಇಂದು ಮಾಡಿದುದೇ ನಾಳೆ. ಹೀಗೆ ಸುತ್ತಿ ಸುತ್ತಿ ತಮ್ಮ ಮನಸ್ಸು ಗಾಣದೆತ್ತಿನಂತಾಗಿದೆಯೆಂದು ಬರೆದಿರುವರು. ಅದನ್ನೂ ಸಹಿಸಿಕೊಂಡಿರುತ್ತಿದ್ದರೇನೋ. ಆದರೆ ಒಂದು ಸಂಜೆ ಎಂಟು ವರುಷದ ಮಗಳು ಬಳಿಗೆ ಬಂದು, “ಅಮ್ಮಾ, ನೀನು ನಗುವುದು ಯಾವಾಗ?” ಎಂದು ಕೇಳಿದಳಂತೆ. ಮಗು ಹಾಸ್ಯಕ್ಕಾಗಿ ಕೇಳಲಿಲ್ಲ. ಬಸ್ಸು ಎಷ್ಟು ಗಂಟೆಗೆ ಬರುವುದೆಂದು ಕೇಳುವ ಹಾಗೆ ಕೇಳಿದಳು. ತಾಯಿಗೆ ಉತ್ತರ ತೋಚಲಿಲ್ಲ. ಮನೆಗೆಲಸವನ್ನು ಆಟದಂತೆ ಮಾಡಬಹುದೆಂದು ಕೆಲವರು ಹೇಳುವರಲ್ಲಾ, ಅದು ನಿಜವೇ, ಅಥವಾ ಬರಿಯ ಬಾಯುಪಚಾರದ ಮಾತೇ, ಎಂದು ಆಕೆ ನಮ್ಮನ್ನು ಕೇಳಿರುವರು.

ಇಂಥ ಬೇಸರಕ್ಕೆ ಸಾಮಾನ್ಯವಾಗಿ ಹೇಳುವ ಮದ್ದೆಂದರೆ ವಿಹಾರ, ಚಲನಚಿತ್ರ, ತವರೂರಿನ ಪ್ರಯಾಣ, ಈಗಿನ ಕಾಲದಲ್ಲಿ ಅಂಗೈಯೊಳಗಿನ ಮೊಬೈಲು. ಅವುಗಳನ್ನು ನಾವು ಹಳಿಯುವುದಿಲ್ಲ. ಆದರೆ ವರುಷಕ್ಕೆ ಹತ್ತು ದಿನದ ಪ್ರವಾಸವು ಉಳಿದ 355 ದಿನಗಳ ಬೇಸರವನ್ನು ತೊಳೆಯಲಾರದು. ಬಾಳಿನ ಬಹುಭಾಗವು ಕಳೆಯುವುದು ನಿತ್ಯದ ಸಣ್ಣ ಕೆಲಸಗಳಲ್ಲಿಯೇ. ಆದುದರಿಂದ ಸಂತೋಷವೆಂಬುದು ಅಲ್ಲಿ ಸ್ವಲ್ಪವಾದರೂ ದೊರಕದಿದ್ದರೆ ಮತ್ತೆಲ್ಲಿಯೂ ಸಾಲುವಷ್ಟು ದೊರಕದು.

ಆಟವೆಂದರೇನು ಎಂಬುದನ್ನು ಮಕ್ಕಳಿಂದಲೇ ಕಲಿಯಬೇಕು. ನೆಲದ ಮೇಲೆ ಎರಡು ಕಾಲಿನಲ್ಲಿ ನಡೆಯುವುದು ಸುಲಭ. ಆ ಸುಲಭವನ್ನು ಬಿಟ್ಟು ಮಕ್ಕಳು ಅಂಗಳದಲ್ಲಿ ಮನೆಗಳನ್ನು ಬರೆದು, ಬಿಲ್ಲೆಯೆಸೆದು, ಒಂಟಿಕಾಲಿನಲ್ಲಿ ಕುಂಟುತ್ತ ಗೆರೆಯನ್ನು ಮೆಟ್ಟದೆ ಹೋಗುವರು. ಇಲ್ಲದ ಕಟ್ಟಳೆಯೊಂದನ್ನು ತಾವೇ ಕಲ್ಪಿಸಿಕೊಂಡು, ಸುಲಭವಾದುದನ್ನು ತಾವೇ ಕಠಿನಮಾಡಿಕೊಂಡು, ಅದರಿಂದಲೇ ಹಿಗ್ಗುವರು. ಬೆವರು ಸುರಿಯುವುದು ಆಟದಲ್ಲಿಯೂ ಉಂಟು, ದುಡಿಮೆಯಲ್ಲಿಯೂ ಉಂಟು. ಭೇದವಿರುವುದು ಬೆವರಿನಲ್ಲಲ್ಲ, ಕಟ್ಟಳೆಯನ್ನು ಯಾರು ಹಾಕಿದರೆಂಬುದರಲ್ಲಿ. ಹಾಲೆಂಡಿನ ಇತಿಹಾಸಜ್ಞರಾದ ಯೋಹಾನ್ ಹೌಯಿಸಿಂಗಾ ಎಂಬವರು 1938ರಲ್ಲಿ ಮಾನವನ ಆಟವನ್ನೇ ಕುರಿತು ಒಂದು ಗ್ರಂಥವನ್ನು ಬರೆದರು. ಆಟದ ಮೊದಲ ಲಕ್ಷಣ ಸ್ವೇಚ್ಛೆ. ಅಪ್ಪಣೆಯಿಂದ ಆಡಿಸಿದ ಆಟವು ಆಟವೇ ಅಲ್ಲ ಎಂಬುದು ಅವರ ಅಭಿಪ್ರಾಯ. ಈ ಮಾತನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಇದರಿಂದ ನಮಗೇ ಒಂದು ಪಾಠವಾದುದನ್ನು ಹೇಳುವೆವು.

ದುಡಿಮೆಯೊಳಗೆ ಆಟವನ್ನು ಬೆರೆಸುವ ವಿದ್ಯೆಯು ನಮ್ಮ ನಾಡಿಗೆ ಹೊಸದಲ್ಲ. ಕೋಳಿ ಕೂಗುವ ಮುನ್ನ ಎದ್ದು, ಬೀಸುವ ಕಲ್ಲಿನ ಎರಡು ಪಕ್ಕಗಳಲ್ಲಿ ಎದುರುಬದುರಾಗಿ ಕುಳಿತು, ಒಂದೇ ಗೂಟಕ್ಕೆ ಇಬ್ಬರೂ ಕೈಹಚ್ಚಿ ರಾಗಿಯನ್ನೋ ಜೋಳವನ್ನೋ ಬೀಸುತ್ತಿದ್ದ ನಮ್ಮ ಹೆಂಗಸರು ಕಲ್ಲಿನ ಸುತ್ತಿಗೆ ಸರಿಯಾಗಿ ಮೂರು ಸಾಲಿನ ಪದಗಳನ್ನು ಕಟ್ಟಿ ಹಾಡಿದರು. ಕಲ್ಲನ್ನೇ ತಾಯಿಯೆಂದು ಕರೆದರು, ತವರನ್ನು ನೆನೆದರು, ಅಣ್ಣತಮ್ಮಂದಿರನ್ನು ಹೊಗಳಿದರು, ಅತ್ತೆಯನ್ನು ಸ್ವಲ್ಪ ಚುಚ್ಚಿದರು. ಒಬ್ಬಳು ಎತ್ತಿದ ಪದಕ್ಕೆ ಇನ್ನೊಬ್ಬಳು ದನಿಗೂಡಿಸುವಳು. ವಿಜಾಪುರದ ಸೀಮೆಯ ಹಲಸಂಗಿಯ ಗೆಳೆಯರು ಇಂಥ ಪದಗಳನ್ನು ಹಳ್ಳಿಯ ಹೆಂಗಸರ ಬಾಯಿಂದ ಕೇಳಿ ಬರೆದುಕೊಂಡು, 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಅಚ್ಚುಹಾಕಿಸಿದರು. ಹೆಸರಿಲ್ಲದ ಆ ಕವಯಿತ್ರಿಯರು ಕಾವ್ಯವನ್ನು ರಚಿಸಬೇಕೆಂದು ಕುಳಿತವರಲ್ಲ. ಹಿಟ್ಟು ಮುಗಿಯಬೇಕಾಗಿತ್ತು, ಹೊತ್ತು ಸಾಗಬೇಕಾಗಿತ್ತು, ಆದುದರಿಂದ ಹಾಡಿದರು.

ಇನ್ನೊಂದು ನಿದರ್ಶನವನ್ನು ನೋಡಿರಿ. ಹೆಂಡತಿಯು ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಕೂಡದೆಂಬ ಕಟ್ಟುಪಾಡು ಹಿಂದೆ ಇದ್ದಿತು. ಉತ್ತರ ಕರ್ನಾಟಕದ ಹೆಂಗಸರು ಆ ಕಟ್ಟುಪಾಡನ್ನೇ ಒಂದು ವಿನೋದವನ್ನಾಗಿ ಮಾಡಿಕೊಂಡರು. ಮದುವೆ ಮುಂಜಿಗಳಲ್ಲಿ ಗೆಳತಿಯರು ಅಡ್ಡಗಟ್ಟಿ ಹೆಸರು ಹೇಳೆಂದು ಪೀಡಿಸಿದರೆ, ಪ್ರಾಸ ಕೂಡಿಸಿ ಕಟ್ಟಿದ ಒಡಪಿನೊಳಗೆ ಗಂಡನ ಹೆಸರನ್ನು ಹುದುಗಿಸಿ ಹೇಳಿ ನಗಿಸುವರು. ಬಿಗಿಯಾದ ನಿಯಮವೊಂದು ಹೀಗೆ ಚಮತ್ಕಾರದ ಮಾತಿಗೆ ಎಡೆಯಾಯಿತು.

ಆದರೆ ಹಳೆಯದನ್ನೆಲ್ಲ ಹೊಗಳುವ ಭರದಲ್ಲಿ ನಾವು ಒಂದನ್ನು ಮರೆಯಬಾರದು. ಬೀಸುವ ಪದಗಳಲ್ಲಿ ಕಣ್ಣೀರೂ ಬೇಕಾದಷ್ಟಿದೆ. ಹಾಡು ಕಲ್ಲನ್ನು ಹಗುರಮಾಡಲಿಲ್ಲ. ಬೀಸುವವಳ ಮನಸ್ಸನ್ನು ಮಾತ್ರ ಆ ಹೊತ್ತಿನಮಟ್ಟಿಗೆ ಹಗುರಮಾಡಿತು. ಹಿಟ್ಟಿನ ಗಿರಣಿ ಬಂದು ಆ ದುಡಿಮೆ ತಪ್ಪಿದುದಕ್ಕೆ ಯಾರೂ ಮರುಗಬೇಕಾದುದಿಲ್ಲ. ದುಡಿಮೆಯೊಡನೆ ಹಾಡೂ ಹೊರಟುಹೋಯಿತು. ಅದರ ಸ್ಥಳಕ್ಕೆ ನಾವು ಏನನ್ನು ತಂದೆವು ಎಂಬುದಷ್ಟೆ ಕೇಳಬೇಕಾದ ಪ್ರಶ್ನೆ.

ನಾವು ಚಿಕ್ಕವರಾಗಿದ್ದಾಗ ನಮ್ಮ ಅಜ್ಜಿಯವರ ಮನೆಯಲ್ಲಿ ಕಂಡುದನ್ನು ಇಲ್ಲಿ ಹೇಳುವೆವು. ಹಳೆಯ ಮೈಸೂರು ಸೀಮೆಯಲ್ಲಿ ಮಾರ್ಗಶಿರ ಪುಷ್ಯಗಳೆಂದರೆ ಸೊಗಡಿನ ಅವರೆಕಾಯಿಯ ಕಾಲ. ಕಾಯಿಯನ್ನು ಬಿಡಿಸುವುದೊಂದು ಕೆಲಸ. ಕಾಳನ್ನು ನೀರಿನಲ್ಲಿ ನೆನೆಯಿಟ್ಟು, ಸಿಪ್ಪೆ ಸಡಿಲವಾದ ಮೇಲೆ ಒಂದೊಂದನ್ನೇ ಬೆರಳುಗಳ ನಡುವೆ ಹಿದುಕಿ ಬೇಳೆಯನ್ನು ಹೊರಡಿಸುವುದು ಇನ್ನೊಂದು ಕೆಲಸ. ಹತ್ತು ಜನರ ಸಾರಿಗೆ ಬೇಕಾಗುವಷ್ಟನ್ನು ಒಬ್ಬರೇ ಹಿದುಕಹೊರಟರೆ ಬೆರಳು ಸೋಲುವುದು, ಬೆನ್ನು ಹಿಡಿಯುವುದು. ಅಜ್ಜಿಯವರು ಅದನ್ನು ಅಡುಗೆಮನೆಯ ಕೆಲಸವೆಂದು ಎಣಿಸಲೇ ಇಲ್ಲ. ಪಾತ್ರೆಯನ್ನು ತಂದು ಜಗಲಿಯ ನಡುವೆ ಇಟ್ಟು, “ನಾಲಿಗೆಯಿದ್ದವರೆಲ್ಲ ಬೆರಳನ್ನೂ ತನ್ನಿರಿ” ಎಂದು ಕೂಗುವರು. ತಾತನವರು ಬರುವರು, ಚಿಕ್ಕಪ್ಪನವರು ವೃತ್ತಪತ್ರಿಕೆಯನ್ನು ಮಡಿಸಿಟ್ಟು ಬರುವರು, ನಾವು ಹುಡುಗರು ಓಡಿಬರುವೆವು. ಹಿದುಕಿದ ಬೇಳೆ ಕೆಲವೊಮ್ಮೆ ಚಿಮ್ಮಿ ಪಾತ್ರೆಯ ಹೊರಗೆ ಬೀಳುವುದಷ್ಟೆ. ಹಾಗೆ ಯಾರದು ಹೊರಗೆ ಬಿತ್ತೋ ಅವರು ಒಂದು ಒಗಟು ಹೇಳಬೇಕೆಂಬುದು ನಿಯಮ. ಒಮ್ಮೆ ಅಜ್ಜಿಯವರ ಬೇಳೆಯೇ ಹಾರಿ ಚಿಕ್ಕಪ್ಪನವರ ಕನ್ನಡಕಕ್ಕೆ ತಗಲಿತು. ಆ ದಿನ ಸಾರಿನ ರುಚಿ ಹೇಗಿದ್ದಿತೋ ಮರೆತುಹೋಗಿದೆ. ಅಜ್ಜಿಯವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕುದು ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದೆ.

ಅಮೆರಿಕಾದಲ್ಲಿ ನೆಲೆಸಿದ್ದ ಮನಶ್ಶಾಸ್ತ್ರಜ್ಞರಾದ ಮಿಹಾಯ್ ಚಿಕ್ಸೆಂಟ್‌ಮಿಹಾಯಿ ಎಂಬವರು ಬಂಡೆ ಹತ್ತುವವರು, ಚದುರಂಗವಾಡುವವರು, ನೃತ್ಯಗಾರರು, ಶಸ್ತ್ರವೈದ್ಯರು ಮುಂತಾದವರನ್ನು ವಿಚಾರಿಸಿ, ಮನುಷ್ಯನು ಕೆಲಸದಲ್ಲಿ ತನ್ನನ್ನೇ ಮರೆಯುವುದು ಯಾವಾಗ ಎಂಬುದನ್ನು ಶೋಧಿಸಿ 1975ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದರು. ಅವರು ಕಂಡುಕೊಂಡ ಮುಖ್ಯ ಸಂಗತಿಗಳು ಇವು: ಕೆಲಸದ ಗುರಿ ಸ್ಪಷ್ಟವಾಗಿರಬೇಕು, ಸರಿಯಾಯಿತೋ ತಪ್ಪಿತೋ ಎಂಬುದು ಒಡನೆಯೇ ತಿಳಿಯಬೇಕು, ಕೆಲಸದ ಕಷ್ಟವು ಮಾಡುವವನ ಶಕ್ತಿಗೆ ಸರಿದೂಗಬೇಕು. ಶಕ್ತಿಗೆ ಮೀರಿದರೆ ಕಳವಳ; ಶಕ್ತಿಗಿಂತ ಬಹಳ ಕಡಮೆಯಾದರೆ ಬೇಸರ. ನಮ್ಮ ಅಜ್ಜಿಯವರು ಈ ಗ್ರಂಥವನ್ನು ಓದಿದವರಲ್ಲ. ಆದರೆ ಬೇಳೆ ಪಾತ್ರೆಗೆ ಬಿತ್ತೋ ಇಲ್ಲವೋ ಎಂಬುದು ಕಣ್ಣೆದುರಿಗೇ ತಿಳಿಯುತ್ತಿತ್ತು; ಹಿದುಕುವ ಕೆಲಸ ಅತಿ ಸುಲಭವಾದುದರಿಂದ ಅದಕ್ಕೊಂದು ಒಗಟಿನ ತೊಡಕನ್ನು ಸೇರಿಸಿದ್ದರು. ಅಡುಗೆಮನೆಯ ಬೇಸರದಲ್ಲಿ ಹೆಚ್ಚಿನ ಪಾಲು ಶ್ರಮದಿಂದ ಬಂದುದಲ್ಲ. ಬುದ್ಧಿಗೆ ಅಲ್ಲಿ ಕೆಲಸವಿಲ್ಲದುದರಿಂದ ಬಂದುದು ಎಂಬುದನ್ನು ಅವರು ಬಲ್ಲವರಾಗಿದ್ದರು.

ಇಷ್ಟನ್ನು ತಿಳಿದ ನಾವು ನಮ್ಮ ಸ್ವಂತ ಮನೆಯಲ್ಲಿ ಹೇಗೆ ನಡೆದುಕೊಂಡೆವೆಂಬುದನ್ನು ಹೇಳಲು ಸಂಕೋಚವಾಗುವುದು, ಆದರೂ ಹೇಳುವೆವು. ಎರಡು ವರುಷಗಳ ಹಿಂದೆ ನಮ್ಮ ಮನೆಯಲ್ಲಿಯೂ ಸಂಜೆಯಾದರೆ ಸಿಡುಕು ಹೆಚ್ಚಿತ್ತು. ನಾವು ಬಹಳ ಉತ್ಸಾಹದಿಂದ ಒಂದು ಆಟವನ್ನು ಕಲ್ಪಿಸಿದೆವು. ನಾಲ್ವರಿಗೂ ಒಂದೊಂದು ಬಟ್ಟಲು, ಯಾರು ಮನೆಯ ಕೆಲಸವೊಂದನ್ನು ಮುಗಿಸಿದರೂ ಅವರ ಬಟ್ಟಲಿಗೆ ಒಂದು ಹುಣಸೆಬೀಜ, ಭಾನುವಾರ ಎಣಿಕೆ. ಮಕ್ಕಳಿಗೆ ಬಲು ಸಂತೋಷವಾಯಿತು. ಬುಧವಾರದ ವೇಳೆಗೆ ನಮ್ಮ ಮನೆಯಾಕೆಯ ಬಟ್ಟಲು ತುಂಬಿ ಬೀಜಗಳು ಹೊರಗೆ ಚೆಲ್ಲಿದುದರಿಂದ ಅವರು ಹಾಕುವುದನ್ನೇ ಬಿಟ್ಟರು. ಭಾನುವಾರ ಎಣಿಸಿದಾಗ ಮಗಳಿಗೆ ಇಪ್ಪತ್ತಮೂರು, ಮಗನಿಗೆ ಹತ್ತೊಂಬತ್ತು, ನಮಗೆ ನಾಲ್ಕು. ಆ ನಾಲ್ಕರಲ್ಲಿಯೂ ಒಂದು ಹೊಸಿಲಿನಿಂದ ವೃತ್ತಪತ್ರಿಕೆಯನ್ನು ಎತ್ತಿಕೊಂಡು ಬಂದುದಕ್ಕೆ; ಅದು ಮನೆಗೆಲಸವಲ್ಲವೆಂದು ಮಗಳು ತಕರಾರು ಮಾಡಿದಳು. ನಮ್ಮ ಮನೆಯಾಕೆ ಕೋಪಿಸಿಕೊಳ್ಳಲಿಲ್ಲ. “ಅಂತೂ ನಾನೇ ಗೆದ್ದೆನಲ್ಲ, ಗೆದ್ದವರಿಗೆ ಬಹುಮಾನವೇನು, ಇನ್ನಷ್ಟು ಕೆಲಸವೋ?” ಎಂದು ಕೇಳಿ ಪಾತ್ರೆ ತೊಳೆಯಲು ಎದ್ದು ಹೋದರು.

ಮಾರ್ಕ್ ಟ್ವೈನ್ ಎಂಬ ಅಮೆರಿಕಾದ ಲೇಖಕನು 1876ರಲ್ಲಿ ಪ್ರಕಟಿಸಿದ ಕಥೆಯಲ್ಲಿ ಟಾಮ್ ಸಾಯರ್ ಎಂಬ ತುಂಟ ಹುಡುಗನು ಬರುವನು. ಬೇಲಿಯ ಹಲಗೆಗಳಿಗೆ ಸುಣ್ಣ ಬಳಿಯುವ ಶಿಕ್ಷೆ ಅವನಿಗೆ ಪ್ರಾಪ್ತವಾಗಲು, ಅದು ಬಹಳ ಸೊಗಸಾದ ಕೆಲಸವೆಂಬಂತೆ ಅವನು ನಟಿಸುವನು. ದಾರಿಯಲ್ಲಿ ಬಂದ ಹುಡುಗರು ತಮ್ಮ ಸೇಬನ್ನೂ ಗಾಳಿಪಟವನ್ನೂ ಕೊಟ್ಟು, ತಮಗೂ ಸ್ವಲ್ಪ ಬಳಿಯಗೊಡೆಂದು ಬೇಡಿಕೊಳ್ಳುವರು. ಕೆಲಸವು ಆಟವಾಗುವುದಕ್ಕೆ ಈ ಕಥೆಯನ್ನು ಎಲ್ಲರೂ ಉದಾಹರಿಸುವರು. ಆದರೆ ಉಳಿದವರು ಬೆವರು ಸುರಿಸುತ್ತಿರುವಾಗ ಟಾಮನು ನೆರಳಿನಲ್ಲಿ ಕುಳಿತು ಸೇಬು ತಿನ್ನುತ್ತಿದ್ದನೆಂಬುದನ್ನು ಮರೆಯುವರು. ಹುಣಸೆಬೀಜದ ಆ ವಾರದಲ್ಲಿ ನಮ್ಮ ಮನೆಯ ಟಾಮನು ಯಾರೆಂಬುದನ್ನು ವಾಚಕರಿಗೆ ಬಿಡಿಸಿ ಹೇಳಬೇಕಾದುದಿಲ್ಲ.

ಇದು ನಮ್ಮೊಬ್ಬರ ಮನೆಯ ಕಥೆಯಾಗಿದ್ದರೆ ಬರೆಯುತ್ತಿರಲಿಲ್ಲ. 2019ರಲ್ಲಿ ಭಾರತ ಸರ್ಕಾರದವರು ದೇಶದ ಜನರು ದಿನದ ಹೊತ್ತನ್ನು ಹೇಗೆ ಕಳೆಯುವರೆಂಬುದನ್ನು ವಿಚಾರಿಸಿ ಲೆಕ್ಕ ತೆಗೆದರು. ಆರು ವರುಷ ತುಂಬಿದ ಹೆಂಗಸರಲ್ಲಿ ನೂರಕ್ಕೆ 81 ಮಂದಿ ಪ್ರತಿದಿನ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗಿದವರು. ಗಂಡಸರಲ್ಲಿ ನೂರಕ್ಕೆ 26. ಹಾಗೆ ತೊಡಗಿದವರಲ್ಲಿಯೂ ಹೆಂಗಸರು ಅದರಲ್ಲಿ ಕಳೆದುದು ಸರಾಸರಿ 299 ನಿಮಿಷ, ಎಂದರೆ ಸುಮಾರು ಐದು ಗಂಟೆ. ಗಂಡಸರು 97 ನಿಮಿಷ. ಇಂಥ ಸ್ಥಿತಿಯಲ್ಲಿ ಕುರ್ಚಿಯಲ್ಲಿ ಕುಳಿತವರು ಅಡುಗೆಮನೆಯ ಕಡೆಗೆ ತಿರುಗಿ “ಕೆಲಸವನ್ನು ಆಟವೆಂದು ಭಾವಿಸು” ಎಂದು ಉಪದೇಶಿಸುವುದು ಆಟವಲ್ಲ, ಪರಿಹಾಸ್ಯ. ಬೀಸುವ ಕಲ್ಲಿಗೆ ಎರಡು ಕೈಗಳಿದ್ದುವು. ಅಜ್ಜಿಯವರ ಜಗಲಿಯಲ್ಲಿ ಹತ್ತು ಜೊತೆ ಕೈಗಳಿದ್ದುವು. ಅಂಗಳಕ್ಕೆ ಇಳಿದವನಿಗೆ ಮಾತ್ರ ಆಟ.

ಮುಂದಿನ ವಾರ ನಮ್ಮ ಮನೆಯಾಕೆಯೇ ನಿಯಮವನ್ನು ತಿರುಗಿಸಿದರು. ಬೆಳಗ್ಗೆ ಅವರ ಬಟ್ಟಲಿನಲ್ಲಿ ಇಪ್ಪತ್ತು ಬೀಜ. ಉಳಿದ ಮೂವರ ಬಟ್ಟಲುಗಳು ಬರಿದು. ಯಾರು ಅವರ ಕೈಯಿಂದ ಕೆಲಸವೊಂದನ್ನು ತೆಗೆದುಕೊಂಡರೋ ಅವರು ಒಂದು ಬೀಜವನ್ನೂ ತೆಗೆದುಕೊಳ್ಳತಕ್ಕುದು. ರಾತ್ರಿಯ ಊಟದ ಹೊತ್ತಿಗೆ ಅಮ್ಮನ ಬಟ್ಟಲನ್ನು ಎಷ್ಟುಮಟ್ಟಿಗೆ ಬರಿದುಮಾಡಿದೆವೆಂಬುದೇ ಪಂದ್ಯ. ಇದರಲ್ಲಿ ಗೆಲ್ಲುವುದೂ ಸೋಲುವುದೂ ಎಲ್ಲರೂ ಒಟ್ಟಿಗೆ. ಮೊದಲ ದಿನ ಹದಿನಾಲ್ಕು ಉಳಿದುವು. ವಾರದ ಕೊನೆಗೆ ಏಳು. ನಾವು ಕಾಫಿಯ ಪಾತ್ರೆಗಳನ್ನು ವಹಿಸಿಕೊಂಡೆವು; ಮಗನು ಬಟ್ಟೆ ಮಡಿಸುವುದನ್ನು ಕಲಿತನು. ಬೀಜಗಳ ಲೆಕ್ಕ ಮೂರು ತಿಂಗಳಲ್ಲಿ ತಾನಾಗಿಯೇ ನಿಂತುಹೋಯಿತು. ಕೆಲಸಗಳು ಮಾತ್ರ ತೆಗೆದುಕೊಂಡವರ ಕೈಯಲ್ಲಿಯೇ ಉಳಿದುವು. ಒಂದು ಸಂಜೆ ಒಲೆಯ ಮುಂದೆ ನಿಂತಿದ್ದ ಮನೆಯಾಕೆ, “ಬೆಂಕಿಯ ಮೇಲೆ ಕುಳಿತು ಸೀಟಿ ಊದುವ ಪೊಲೀಸನಾರು?” ಎಂದು ತಾವಾಗಿಯೇ ಒಗಟು ಹಾಕಿದರು. ಕುಕ್ಕರು ಎಂದು ಮಕ್ಕಳು ಕೂಗುವ ಮೊದಲೇ ಅದೇ ಸೀಟಿ ಊದಿ ಉತ್ತರ ಹೇಳಿತು. ಆಗ ನಮ್ಮ ಆಟವು ನಿಜವಾಗಿ ಆರಂಭವಾಯಿತೆಂದು ಎಣಿಸುವೆವು.

ಇನ್ನೆರಡು ಎಚ್ಚರಿಕೆಯ ಮಾತುಗಳು. ಮಕ್ಕಳನ್ನು ಕೆಲಸಕ್ಕೆ ಹಚ್ಚಲು ಬಹುಮಾನದ ಆಸೆಯನ್ನು ಒಡ್ಡುವುದು ಒಳ್ಳೆಯದಲ್ಲ. ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಪಂಡಿತರು 1973ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಚಿತ್ರ ಬರೆಯುವುದನ್ನು ತಾವಾಗಿಯೇ ಪ್ರೀತಿಸುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುವೆವೆಂದು ಮುಂದಾಗಿ ಮಾತುಕೊಟ್ಟು ಬರೆಯಿಸಿದರು. ಕೆಲವು ದಿನಗಳ ಮೇಲೆ ನೋಡಿದರೆ ಆ ಮಕ್ಕಳು ಇತರರಿಗಿಂತ ಕಡಮೆ ಹೊತ್ತು ಚಿತ್ರ ಬರೆಯುತ್ತಿದ್ದರು. ಕೂಲಿ ಗೊತ್ತುಮಾಡಿದೊಡನೆ ಆಟವು ಚಾಕರಿಯಾಯಿತು. ಬೇಳೆ ಹಿದುಕಿದ ನಮಗೆ ಅಜ್ಜಿಯವರು ಕಾಸು ಕೊಡಲಿಲ್ಲ. ಕೊಟ್ಟಿದ್ದರೆ ನಾವು ಕಾಳುಗಳನ್ನು ಎಣಿಸುತ್ತಿದ್ದೆವೇ ಹೊರತು ಒಗಟುಗಳನ್ನಲ್ಲ.

ಎರಡನೆಯದಾಗಿ, ಎಲ್ಲ ಹೊತ್ತಿನಲ್ಲಿಯೂ ಆಟ ಸಲ್ಲದು. ಮನೆಯಲ್ಲಿ ರೋಗಿಯಿರುವಾಗ, ದುಃಖವೊದಗಿದಾಗ, ಮೈಯಲ್ಲಿ ಶಕ್ತಿಯಿಲ್ಲದಾಗ ನಗಬೇಕೆಂದು ಯಾರನ್ನೂ ಬಲವಂತಪಡಿಸಬಾರದು. ಆಯಾಸಗೊಂಡವರಿಗೆ ಬೇಕಾದುದು ವಿನೋದವಲ್ಲ, ವಿಶ್ರಾಂತಿ. ತಿಂಗಳುಗಟ್ಟಲೆ ಯಾವುದೂ ರುಚಿಸದೆ ಮನಸ್ಸು ಕುಗ್ಗಿಯೇ ಇದ್ದರೆ ಅದನ್ನು ಬೇಸರವೆಂದು ತಳ್ಳಿಹಾಕದೆ ವೈದ್ಯರಲ್ಲಿಗೆ ಹೋಗತಕ್ಕುದು.

ಉಳಿದ ದಿನಗಳಿಗೆ ಸಣ್ಣ ಉಪಾಯಗಳು ಸಾಕು. ಒಂದು ಹಾಡು ಮುಗಿಯುವುದರೊಳಗೆ ಒಣಗಿದ ಬಟ್ಟೆಯನ್ನೆಲ್ಲ ಮಡಿಸುವೆನೆಂದು ಪಣತೊಡಬಹುದು. ವಾರಕ್ಕೊಮ್ಮೆ ಅಂಗಡಿಗೆ ಹೋಗದೆ, ಮನೆಯಲ್ಲಿ ಉಳಿದಿರುವ ಪದಾರ್ಥಗಳಿಂದಲೇ ಹೊಸದೊಂದು ಪಲ್ಯವನ್ನು ಮಾಡಿ, ಅದಕ್ಕೆ ಹೆಸರಿಡುವ ಭಾರವನ್ನು ಉಣ್ಣುವವರಿಗೆ ಬಿಡಬಹುದು. ಬೆಂಗಳೂರಿನ ವಾಹನಗಳ ಸಂದಣಿಯಲ್ಲಿ ಸಿಕ್ಕಿಕೊಂಡಾಗ ಮಕ್ಕಳೊಡನೆ ಮುಂದಿನ ಗಾಡಿಗಳ ಸಂಖ್ಯೆಯನ್ನು ಓದಿ ಊರನ್ನು ಹೇಳಬಹುದು: ಕೆಎ 09 ಮೈಸೂರು, 12 ಮಡಿಕೇರಿ, 14 ಶಿವಮೊಗ್ಗ, 19 ಮಂಗಳೂರು, 20 ಉಡುಪಿ, 22 ಬೆಳಗಾವಿ, 25 ಧಾರವಾಡ. ಗಾಡಿ ಕದಲುವುದರೊಳಗೆ ನಾಡಿನ ಅರ್ಧವನ್ನು ಸುತ್ತಿ ಬಂದಂತಾಗುವುದು. ಒಂಟಿಯಾಗಿರುವವರೂ ಇದಕ್ಕೆ ಹೊರತಲ್ಲ. ದಿನವೂ ನಡೆಯುವ ದಾರಿಯಲ್ಲಿ ನಿನ್ನೆ ಕಾಣದಿದ್ದ ಒಂದನ್ನು ಇಂದು ಕಂಡೇ ಮನೆಗೆ ಮರಳುವೆನೆಂದು ನಿಯಮವಿಟ್ಟುಕೊಂಡವರೊಬ್ಬರನ್ನು ನಾವು ಬಲ್ಲೆವು. ಆ ಹಿರಿಯರಿಗೆ ಸಂಜೆಯ ನಡಿಗೆ ಒಂದು ದಿನವೂ ಹಳೆಯದಾಗಲಿಲ್ಲ.

ಈಗ ನಮಗೆ ಓಲೆ ಬರೆದ ಸಹೋದರಿಗೆ ನಮ್ಮ ಉತ್ತರ. ಮನೆಗೆಲಸವು ಆಟವಾಗಬಲ್ಲುದೆಂಬುದು ನಿಜ. ಆದರೆ ನೀವೊಬ್ಬರೇ ಅದನ್ನು ಆಟವನ್ನಾಗಿ ಮಾಡಬೇಕೆಂಬುದು ನಿಜವಲ್ಲ. ನಗುವುದನ್ನೂ ನಿಮ್ಮ ಕೆಲಸಗಳ ಪಟ್ಟಿಗೆ ಸೇರಿಸಲು ನಮಗೆ ಮನಸ್ಸಿಲ್ಲ. ಆದುದರಿಂದ ಈ ಲೇಖನವನ್ನು ನೀವು ಓದಿ ಮಡಿಸಿಡಬೇಡಿರಿ. ಇಂದು ರಾತ್ರಿ ಊಟಕ್ಕೆ ಎಲ್ಲರೂ ಕುಳಿತಾಗ ಯಜಮಾನರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿರಿ. ಓದಿ ಮುಗಿಯುವ ಹೊತ್ತಿಗೆ ತಟ್ಟೆಗಳು ಬರಿದಾಗಿರುವುವು. ಮೊದಲು ಏಳುವವರು ಯಾರೆಂಬುದನ್ನು ನಿಮ್ಮ ಮಗಳೇ ನೋಡಲಿ. ಆಮೇಲೆ ನಡೆದುದನ್ನು ನಮಗೆ ಒಂದು ಓಲೆಯಲ್ಲಿ ತಿಳಿಸಿದರೆ ಸಂತೋಷಪಡುವೆವು.